ದೇವರ ಜಗಲಿಯ ಮೇಲಿನ ಮೂರನೆಯ ಪ್ರತಿ

ಬನ್ನಿ ಹಬ್ಬದ ದಿನ ಬೆಳಿಗ್ಗೆ ನಾನು ಒಳಕಲ್ಲಿನ ಮುಂದೆ ಕೂತು ಹೋಳಿಗೆಯ ಹೂರಣ ರುಬ್ಬುತ್ತಿದ್ದೆ. ಬೇಳೆ ಹದವಾಗಿ ಬೆಂದಿತ್ತು, ಬೆಲ್ಲ ಗಂಟಿಲ್ಲದೆ ಕರಗಿತ್ತು. ಅಷ್ಟು ಸರಿಹೋಯಿತಲ್ಲ ಎಂದು ಬನಶಂಕರಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೆ. ಆಗ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ನೂಲಿನ ಕೋಣೆಯಿಂದ ಬಂದು ಅಡುಗೆಮನೆಯ ಚೌಕಟ್ಟು ಹಿಡಿದು ನಿಂತಳು.

“ಅಕ್ಕಾರ, ಸರ್ವರ್ ಏಳವಲ್ದು.”

“ಏಳವಲ್ದು ಅಂದ್ರ?”

“ಹಳೀ ಡಿಸ್ಕ್ ಟಕ್ ಟಕ್ ಅನ್ನಾಕತ್ತೇತಿ. ಹೊಸಾದ್ರಾಗ ಅರ್ಧಾನ ಬಂದೈತಿ. ಸೆರಗಿನ ನಕ್ಷಿ ಎರಡರಾಗೂ ಸಿಗವಲ್ದು.”

ನನ್ನ ಕೈಯಲ್ಲಿದ್ದ ಗುಂಡು ನಿಂತಿತು. ಅದು ಯಾಕೆ ಏಳುತ್ತಿಲ್ಲ ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಹೂರಣ ನುಣ್ಣಗಾಗಿದ್ದರೂ ಮತ್ತೆ ರುಬ್ಬತೊಡಗಿದೆ.

ಬಾಗಲಕೋಟೆ ನಮ್ಮ ಜಿಲ್ಲೆಯಾಗಿ ಹತ್ತು ವರ್ಷ ದಾಟಿದ್ದ ಕಾಲ ಅದು. ರಬಕವಿಯ ನಮ್ಮ ಮನೆಯಲ್ಲಿ ನಾಲ್ಕು ಮಗ್ಗ. ನನ್ನ ಯಜಮಾನರು ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಮಗ್ಗ ನೋಡಿಕೊಳ್ಳುವವನು ಮೈದುನ. ನಕ್ಷೆ ಮೊದಲು ಅತ್ತೆಯ ತಲೆಯಲ್ಲಿ ಹುಟ್ಟಿ ಚೌಕುಳಿ ಹಾಳೆಯ ಮೇಲೆ ಇಳಿಯುತ್ತಿತ್ತು. ಮುಧೋಳದಿಂದ ನೆಗೆಣ್ಣಿ ಸೊಸೆಯಾಗಿ ಬಂದ ಮೇಲೆ ಹಾಳೆ ಬಿಟ್ಟು ಕಂಪ್ಯೂಟರಿನಲ್ಲಿ ಇಳಿಯಿತು. ಅವಳು ಮದುವೆಗೆ ಮುಂಚೆ ಜಮಖಂಡಿಯಲ್ಲಿ ಕಂಪ್ಯೂಟರ್ ಕಲಿತಿದ್ದಳು. ಬೀಗರ ಮುಂದೆ ಹೇಳಿಕೊಳ್ಳಲು ಕಲಿತಿರಬೇಕು ಎಂದು ನಾವೆಲ್ಲ ತಿಳಿದಿದ್ದೆವು. ಬಂದ ಆರು ತಿಂಗಳಿಗೆ ಅತ್ತೆಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, “ಅತ್ತೀ, ಈ ಎಲಿ ಹೊಳ್ಳಿಸಲೋ, ಹಿಂಗ ಇರಲೋ?” ಎಂದು ಕೇಳುತ್ತ ಸೀರೆಯ ಅಂಚಿನ ದಡಿ ತೆಗೆಯತೊಡಗಿದಳು.

ಒಂದು ವರ್ಷ ಆ ಕಂಪ್ಯೂಟರ್ ಕೆಟ್ಟಿತು. ಬೇರೆ ಊರಿನ ಒಂದು ಅಂಗಡಿಗೆ ರಿಪೇರಿಗೆ ಕೊಟ್ಟೆವು. ನಾಲ್ಕು ದಿನಕ್ಕೆ ಸರಿಯಾಗಿ ಬಂತು. ಆದರೆ ನಮ್ಮ ಹೊಸ ದಡಿಯ ಮೊದಲ ಸೀರೆ ಮಗ್ಗದಿಂದ ಇಳಿಯುವ ಮುಂಚೆಯೇ ಅದೇ ದಡಿ ಬೇರೆಯವರ ಸೀರೆಯ ಮೇಲೆ ಪೇಟೆಯಲ್ಲಿ ಕಂಡಿತು. ಯಾರು ತೆಗೆದರು, ಯಾರಿಗೆ ಕೊಟ್ಟರು? ಯಾರನ್ನು ಕೇಳುವುದು? ನಮ್ಮ ಸೀರೆ ಒಯ್ಯುವ ಸಾವುಕಾರರು ಒಳ್ಳೆಯವರು, ಗದರಲಿಲ್ಲ. “ಇದೊಂದು ಸಲ ಆತು ಬಿಡ್ರಿ. ಇನ್ನೊಮ್ಮೆ ಹಿಂಗಾದ್ರ ನಕ್ಷಿ ನಾನ ಕೊಡತೇನಿ, ನೂಲೂ ನಾನ ಕೊಡತೇನಿ. ನೀವು ನೇಯ್ದು ಕೊಟ್ರ ಆತು” ಎಂದರು. ಮೆತ್ತಗೆ ಹೇಳಿದ ಮಾತು. ಅದರ ಅರ್ಥ ಮಾತ್ರ ಮೆತ್ತಗಿರಲಿಲ್ಲ. ಮಗ್ಗ ನಮ್ಮ ಮನೆಯಲ್ಲೇ ಇರುತ್ತವೆ, ಕೆಲಸ ಮಾತ್ರ ಕೂಲಿಯದಾಗುತ್ತದೆ. ಅತ್ತೆಯ ನಕ್ಷೆ ಅತ್ತೆಯ ತಲೆಯಲ್ಲೇ ಉಳಿಯುತ್ತದೆ.

ಆವತ್ತು ನೆಗೆಣ್ಣಿ ಯಾರನ್ನೂ ಶಪಿಸಲಿಲ್ಲ. “ಬೀರು ರಿಪೇರಿಗೆ ಕೊಡೂಮುಂದ ಒಳಗಿನ ಬಂಗಾರ ತಗದ ಕೊಡತೀವೆಲ್ರಿ, ಅಕ್ಕಾರ. ಇದನ್ನ ಮಾತ್ರ ತುಂಬಿದ್ದ ಹಂಗ ಹೊತಗೊಂಡು ಹೋಗಿ ಕೊಟ್ವಿ” ಎಂದಳು, ಅಷ್ಟೇ.

ತಿಂಗಳೊಳಗೆ ಮೈದುನನಿಂದ ಒಂದು ಹಳೆಯ ಕಂಪ್ಯೂಟರ್ ತರಿಸಿ, ಮೆಟ್ಟಿಲ ಕೆಳಗಿನ ನೂಲಿನ ಕೋಣೆಯಲ್ಲಿ ಇಡಿಸಿದಳು. ಅದಕ್ಕೆ ಪರದೆಯಿಲ್ಲ, ಒತ್ತಲು ಅಕ್ಷರವಿಲ್ಲ, ಬರೀ ಪೆಟ್ಟಿಗೆ. ಅದೇ ಸರ್ವರ್. ಅಲ್ಲಿಂದ ಒಂದು ತಂತಿ ಅವಳು ನಕ್ಷೆ ತೆಗೆಯುವ ಮೇಜಿಗೆ, ಇನ್ನೊಂದು ಮೈದುನ ಮಗ್ಗಕ್ಕೆ ನಕ್ಷೆ ಹೇಳುವ ಕಾರ್ಡಿಗೆ ತೂತು ಹೊಡೆಯುವ ಕೋಣೆಗೆ. ನಕ್ಷೆಗಳೆಲ್ಲ ಪೆಟ್ಟಿಗೆಯಲ್ಲಿ; ಹೊರಗಿನ ಎರಡು ಕಂಪ್ಯೂಟರುಗಳಲ್ಲಿ ಯಾವುದು ಕೆಟ್ಟರೂ ಬರಿಗೈಯಲ್ಲಿ ರಿಪೇರಿಗೆ ಹೋಗಬೇಕು, ಬರಿಗೈಯಲ್ಲಿ ಬರಬೇಕು. ಇಂಟರ್ನೆಟ್ ತಂತಿಯನ್ನು ಆ ಕೋಣೆಯ ಹತ್ತಿರ ಸುಳಿಯಗೊಡಲಿಲ್ಲ. ನದಿಯ ನೀರು ಮನೆತನಕ ಬಂದರೆ ಎಂದು ಪೆಟ್ಟಿಗೆಯನ್ನು ಎದೆಯೆತ್ತರದ ಹಲಗೆಯ ಮೇಲೆ ಏರಿಸಿದಳು. ನೂಲಿನ ಧೂಳು ಒಳಗೆ ಹೋಗಬಾರದೆಂದು ಹಳೆಯ ಸೀರೆಯ ತೆಳುವಾದ ತುಂಡು ಕಟ್ಟಿದಳು. ರವಿವಾರಕ್ಕೊಮ್ಮೆ ಅದನ್ನು ಒಗೆದು ಒಣಗಿಸುವುದು ನನ್ನ ಕೆಲಸವಾಯಿತು. ಕರೆಂಟು ಹೋಗಿ ಬಂದು ಮಾಡುವ ಊರು ನಮ್ಮದು, ಅದಕ್ಕೊಂದು ಬ್ಯಾಟರಿಯ ಡಬ್ಬಿ. ಅತ್ತೆ ಅದಕ್ಕೆ ಮೂಕದೇವರು ಎಂದು ಹೆಸರಿಟ್ಟರು.

ಮೂಕದೇವರ ಹೊಟ್ಟೆಯಲ್ಲಿ ನಕ್ಷೆಗಳಷ್ಟೇ ಇರಲಿಲ್ಲ. ಅತ್ತೆಯ ಆಸ್ಪತ್ರೆಯ ಕಾಗದಗಳಿದ್ದವು. ಓಣಿಯ ಹೆಂಗಸರ ರೇಷನ್ ಕಾರ್ಡು, ಮಾರ್ಕ್ಸ್ ಕಾರ್ಡು ಇದ್ದವು. ಬೀಳಗಿ ಕಡೆಯಿಂದ ಬಂದು ನಮ್ಮ ಪಕ್ಕದಲ್ಲಿ ನೆಲೆಸಿದ ಒಬ್ಬಾಕೆಯ ತವರೂರು ಹಿನ್ನೀರಿನಲ್ಲಿ ಮುಳುಗಿತ್ತು. ಅವಳ ಪರಿಹಾರದ ಕಾಗದಗಳೂ ಮುಳುಗಿದ ಮನೆಯ ಒಂದೇ ಒಂದು ಫೋಟೋವೂ ಅಲ್ಲಿದ್ದವು. ಒಬ್ಬೊಬ್ಬರಿಗೆ ಒಂದೊಂದು ಖಾನೆ, ಒಂದೊಂದು ಗುಟ್ಟಿನ ಪದ. ಪದ ಒತ್ತುವಾಗ ನೆಗೆಣ್ಣಿ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಬೀಳಗಿಯಾಕೆ ಒಂದೊಂದೇ ಅಕ್ಷರ ಹುಡುಕುತ್ತ, “ನೀನ ಒತ್ತಿ ಬಿಡ ಬೇ, ನಿನಗಿಂತ ಹೆಚ್ಚೇನು?” ಎಂದರೆ, “ನಾ ಒತ್ತಿದ್ರ ಅದು ನಿಮ್ದ ಹ್ಯಾಂಗ ಆಗತೈತ್ರಿ?” ಎಂದು ಗೋಡೆಗೇ ಉತ್ತರ ಹೇಳುತ್ತಿದ್ದಳು. ನನ್ನದೂ ಒಂದು ಖಾನೆ ಇತ್ತು. ಅದರಲ್ಲಿ ಏನಿದೆ ಎಂದು ಅವಳು ಇವತ್ತಿಗೂ ಕೇಳಿಲ್ಲ. ನಾನು ಇಲ್ಲಿಯೂ ಬರೆಯುವುದಿಲ್ಲ.

ಪೆಟ್ಟಿಗೆಯಲ್ಲಿ ಎರಡು ಡಿಸ್ಕ್. ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುತ್ತಿತ್ತು. ಅದರ ಮೇಲೆ ಅಂಗೈಯಗಲದ ಮೂರನೆಯದೊಂದು, ಸೋಮವಾರಕ್ಕೊಮ್ಮೆ ಎಲ್ಲವನ್ನೂ ಇಳಿಸಿಕೊಂಡು ಬೇರೆ ಕಡೆ ಇಡುವಂಥದ್ದು. ಎಲ್ಲಿಡುವುದು ಎಂಬ ಮಾತು ಬಂದಾಗ ನಾನು, “ದೇವರ ಜಗಲಿ ಮ್ಯಾಲ ಇಡು. ಜಳಕಾ ಮಾಡಲಾರದ ಯಾರೂ ಕೈ ಹಚ್ಚೂದಿಲ್ಲ” ಎಂದೆ. ಅವಳು ನಕ್ಕಳು. ಆಮೇಲೆ ಯೋಚಿಸಿ, “ಖರೇನ ಛಲೋ ಜಾಗಾರಿ” ಎಂದಳು. ನನ್ನ ಒಂದು ಮಾತು ಅವಳ ಕಂಪ್ಯೂಟರಿಗೆ ಉಪಯೋಗವಾಯಿತಲ್ಲ ಎಂದು ನಾನು ಆ ದಿನವೆಲ್ಲ ಹಿಗ್ಗಿದ್ದೆ. ಡಿಸ್ಕನ್ನು ಕೆಂಪು ಖಣದಲ್ಲಿ ಸುತ್ತಿ ಬನಶಂಕರಿಯ ಎಡಗಡೆ ಇಟ್ಟೆ.

ಆದರೆ ನವರಾತ್ರಿ ಬಂತು. ಮೊದಲ ದಿನ ಜಗಲಿಯ ಮೇಲೆ ಮಣ್ಣಿನಲ್ಲಿ ಧಾನ್ಯ ಬಿತ್ತಿ ಘಟ ಕೂಡಿಸಿದರೆ, ಅದು ಏಳುವವರೆಗೆ ದೇವರನ್ನು ಅಲುಗಿಸುವಂತಿಲ್ಲ, ಜಗಲಿಯ ಮೇಲಿಂದ ಒಂದು ಕಡ್ಡಿ ತೆಗೆಯುವಂತಿಲ್ಲ. ಅದು ನಮ್ಮ ಮನೆಯ ನಡತೆ. ಆ ಸೋಮವಾರ ಅವಳು ಡಿಸ್ಕ್ ಕೇಳಲು ಬಂದಾಗ, “ಘಟ್ಟ ಏಳೂತನಕ ಬ್ಯಾಡ ತಂಗಿ” ಎಂದೆ. ಅವಳು ಹಟ ಮಾಡಲಿಲ್ಲ. ಅದೇ ಒಂಬತ್ತು ದಿನಗಳಲ್ಲಿ ಅವಳು ಸಾವುಕಾರರ ಹೊಸ ಸೀರೆಯ ಸೆರಗು ತೆಗೆದಳು. ದೀಪಾವಳಿಗೆ ಮೊದಲ ಸೀರೆ ತೋರಿಸುತ್ತೇವೆಂದು ಮಾತು ಕೊಟ್ಟಿದ್ದೆವು. ಸೋರಿಹೋದ ದಡಿಯ ನಂತರ ಅವರು ನಮ್ಮನ್ನು ನಂಬಿ ಕೊಟ್ಟ ಮೊದಲ ಕೆಲಸ ಅದು.

ಒಂಬತ್ತನೆಯ ದಿನ ಖಂಡೇಪೂಜೆ. ಮಗ್ಗ, ಲಾಳಿ, ರಾಟಿ, ಕತ್ತರಿ, ಎಲ್ಲಕ್ಕೂ ಆವತ್ತು ಪೂಜೆ, ಎಲ್ಲಕ್ಕೂ ವಿಶ್ರಾಂತಿ. ಮಗ್ಗದ ಸದ್ದಿಲ್ಲದ ಓಣಿ ಆವತ್ತೊಂದೇ ದಿನ ಸಿಗುವುದು. ಯಾರೂ ಕೆಲಸ ಮಾಡದ ದಿನ ಅನುಕೂಲವೆಂದು ನೆಗೆಣ್ಣಿ ಬೆಳಿಗ್ಗೆಯೇ ಪೆಟ್ಟಿಗೆಯ ಎರಡನೆಯ ಡಿಸ್ಕ್ ತೆಗೆದು, ಅದನ್ನು ಒರೆಸಿ ಖಾಲಿ ಮಾಡಿಟ್ಟು, ದೊಡ್ಡದೊಂದು ಹೊಸದನ್ನು ಹಾಕಿ, ಹಳೆಯದರಿಂದ ಎಲ್ಲವೂ ಹೊಸದಕ್ಕೆ ಇಳಿಯಲಿ ಎಂದು ಹಚ್ಚಿ ಬಂದಿದ್ದಳು. ನನಗೆ ಅದು ಗೊತ್ತಿರಲಿಲ್ಲ. ನಾನು ಆರತಿ ತಟ್ಟೆ ಹಿಡಿದು ನೂಲಿನ ಕೋಣೆಗೆ ಹೋದೆ. ಮೂಕದೇವರಿಗೆ ಹೂ ಏರಿಸಿದೆ. ಒಳಗೆ ಗುಂಯ್ ಎನ್ನುತ್ತಿತ್ತು. ವರ್ಷವಿಡೀ ದುಡಿಯುತ್ತದೆ, ಇವತ್ತಾದರೂ ಇದಕ್ಕೆ ವಿಶ್ರಾಂತಿ ಬೇಡವೇ ಎನಿಸಿ ಗೋಡೆಯ ಬಟನ್ ಆರಿಸಿದೆ. ಬ್ಯಾಟರಿಯ ಡಬ್ಬಿ ಕೀಂಯ್ ಕೀಂಯ್ ಎಂದು ಕೂಗತೊಡಗಿತು. ಪೂಜೆಯ ಹೊತ್ತಿಗೆ ಏನಿದು ಅಪಶಕುನ ಎಂದು ಅದನ್ನೂ ಆರಿಸಿದೆ. ಆರತಿ ಬೆಳಗಿ, ಎರಡು ಕೈ ಮುಗಿದು ಬಂದೆ. ಸಂಜೆ ದೀಪ ಹಚ್ಚುವಾಗ ಎರಡನ್ನೂ ಮತ್ತೆ ಹಾಕಿಟ್ಟೆ.

ಇನ್ನು ಬನ್ನಿಯ ದಿನದ ಮಾತಿಗೆ ಬರುತ್ತೇನೆ.

ಯಜಮಾನರು ಹಬ್ಬಕ್ಕೆ ಬಂದಿದ್ದರು. ಪಡಸಾಲೆಯಲ್ಲಿ ಅತ್ತೆ, ಮೈದುನ ಎಲ್ಲ ಕೂಡಿದರು. ಸುದ್ದಿ ಕೇಳಿ ಯಜಮಾನರು ಕೈ ಜಾಡಿಸಿದರು.

“ಎರಡು ವರ್ಸಾತು, ಮನಿಮಂದೆಲ್ಲಾ ಸರ್ವರ್ ಸರ್ವರ್ ಅಂತ ಜಪಾ ಮಾಡಿದ್ರಿ. ಈಗ ಅದು ಮಕ್ಕೊಂತು. ಅವ್ವನ ಹಾಳಿ ಗಂಟಿನ್ಯಾಗ ಕಟ್ಟಿಟ್ಟಿದ್ರ ಈಗೂ ಇರತಿದ್ವು.”

ಮೈದುನ ನೆಲ ನೋಡಿದ. ನೆಗೆಣ್ಣಿ ಬಾಗಿಲ ಹಿಂದೆ ಇದ್ದಳು. ಭಾವನ ಮುಂದೆ ನಿಂತು ಮಾತಾಡಿದವಳಲ್ಲ ಅವಳು. ಆ ಮಾತು ಅವಳಿಗೆ ಹೋಗುತ್ತಿದೆ, ಹೋಗಬೇಕಾದದ್ದು ನನಗೆ. ಇನ್ನು ಸುಮ್ಮನಿದ್ದರೆ ಜಗಲಿಯ ಮುಂದೆ ಹೇಗೆ ಕೂಡಲಿ?

“ಅಕಿದು ತಪ್ಪಲ್ರಿ” ಎಂದೆ. “ನಿನ್ನೆ ನಾನ ಬಟನ್ ಆರಿಸೇನಿ.”

“ಯಾಕ?”

“ಖಂಡೇಪೂಜಿ. ಮಗ್ಗಕ್ಕ ರಜಾ ಐತಿ, ಅದಕ್ಕೂ ಇರಲಿ ಅಂತ.”

ಬಾಗಿಲ ಹಿಂದಿನಿಂದ ನೆಗೆಣ್ಣಿಯ ದನಿ ಬಂತು. “ಆರಿಸಬ್ಯಾಡ್ರಿ ಅಂತ ಚೀಟಿ ಹಚ್ಚಿದ್ನೆಲ್ರಿ, ಅಕ್ಕಾರ?”

“ಹೋದ ವರ್ಸದ ಪೂಜ್ಯಾಗ ಅದರ ಮ್ಯಾಲೇ ಅರಿಷಿಣ ಕುಂಕುಮ ಹಚ್ಚೇನಿ. ಅಕ್ಷರಾ ಎಲ್ಲಿ ಕಾಣಬೇಕು?”

ಮೊದಲು ನಕ್ಕವರು ಅತ್ತೆ. ಆಮೇಲೆ ಬಾಗಿಲ ಹಿಂದೆ ಬಳೆ ಸದ್ದಾಯಿತು. “ಅದು ಒಂದ ದಿನದ ರಜಾ ಸಾಲಲಿಲ್ಲಂತ ಹೋಗೇ ಬಿಟ್ತರಿ” ಎಂದು ನೆಗೆಣ್ಣಿಯೂ ನಕ್ಕಳು. ಅವಳ ಒಂಬತ್ತು ದಿನದ ಕೆಲಸ ನನ್ನ ಕೈಯಿಂದ ಹಾಳಾಗಿತ್ತು. ಅವಳ ಬಾಯಿಂದ ಬಂದದ್ದು ಆ ಒಂದು ಮಾತು ಮಾತ್ರ. ಇಷ್ಟು ವರ್ಷವಾಯಿತು, ಇನ್ನೊಂದು ಬಂದಿಲ್ಲ.

ಯಜಮಾನರು ದಾರಿ ಹುಡುಕತೊಡಗಿದರು. “ನಮ್ಮ ಆಫೀಸಿನ್ಯಾಗ ಕಂಪ್ಯೂಟರ್ ನೋಡೋ ಒಬ್ಬಾಂವ ಅದಾನ. ಕೆಟ್ಟ ಡಿಸ್ಕಿನಿಂದ ಎಲ್ಲಾ ತಗದು ಕೊಡೋ ಅಂಗಡಿ ಅವಗ ಗೊತ್ತೈತಿ. ನಾಳೆ ಒಯ್ತೀನಿ ಕೊಡ್ರಿ. ನಾಕ ದಿನದಾಗ ಸೆರಗು ಬರತೈತಿ.”

ನನಗೆ ಜೀವ ಬಂದಂತಾಯಿತು. ನನ್ನ ತಪ್ಪು ನಾಲ್ಕು ದಿನದಲ್ಲಿ ತೊಳೆದುಹೋಗುವುದಾದರೆ ಅದಕ್ಕಿಂತ ಇನ್ನೇನು ಬೇಕು?

ಆಗ ನೆಗೆಣ್ಣಿ ಸೆರಗು ಸರಿಮಾಡಿಕೊಂಡು ಬಾಗಿಲ ಹಿಂದಿನಿಂದ ಈಚೆ ಬಂದಳು. ಅವಳು ಭಾವನ ಎದುರು ನಿಂತದ್ದನ್ನು ನಾನು ಅಂದೇ ಮೊದಲು ಕಂಡದ್ದು.

“ಡಿಸ್ಕ್ ಮನಿ ದಾಟೂದು ಬ್ಯಾಡ್ರಿ, ಭಾವಾರ.”

“ಯಾಕವಾ? ನಕ್ಷಿ ಬ್ಯಾಡೇನು?”

“ಬೇಕ್ರಿ. ಆದ್ರ ಅದರಾಗ ನಕ್ಷಿ ಅಷ್ಟ ಇಲ್ಲ. ಅತ್ತಿ ಆಸ್ಪತ್ರಿ ಕಾಗದ ಅದಾವ. ಓಣಿ ಹೆಣ್ಮಕ್ಕಳ ಕಾಗದ ಅದಾವ. ನಮ್ಮ ಗುಟ್ಟಿನ ಪದ ಬಾಗಿಲಾ ಅಷ್ಟ ಕಾಯತಾವ್ರಿ. ಡಿಸ್ಕ್ ಬಿಚ್ಚಿ ತಗದ್ರ ಬಾಗಿಲಾನ ಇರೂದಿಲ್ಲ. ಅವರು ನನ್ನ ನಂಬಿ ಕೊಟ್ಟಾರ, ಯಾರ ಗೊತ್ತಿಲ್ಲದ ಅಂಗಡಿನ್ನ ನಂಬಿ ಅಲ್ಲ.”

“ರೇಷನ್ ಕಾರ್ಡ್ ಯಾರು ಕದೀತಾರ? ಸಾವುಕಾರ್ರು ಕೈಬಿಟ್ರ ಆ ಹೆಣ್ಮಕ್ಕಳು ಬಂದು ನಮ್ಮ ಮಗ್ಗ ನಡಸ್ತಾರೇನು?”

ಮಾತು ಖರೆಯೇ ಇತ್ತು. ನೆಗೆಣ್ಣಿಯ ಮುಖ ಕೆಂಪಾಯಿತು. “ನಡಸೂದಿಲ್ರಿ. ಆದ್ರ ನಮ್ಮ ದಡಿ ಹೋದಾಗ ನಮಗ ಏನನ್ನಿಸ್ತು, ಅದನ್ನ ಅವರಿಗೆ ಹ್ಯಾಂಗ ಮಾಡೂದ್ರಿ? ಸೆರಗು ನಾ ಮತ್ತ ತಗೀತೇನಿ. ದೀಪಾವಳಿಗೆ ಇನ್ನೂ ದಿನಾ ಅದಾವ.”

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ನನ್ನ ಕಡೆ ನೋಡಿದರು. “ಬಟನ್ ಆರಿಸಿದಾಕಿ ನೀನ. ನೀ ಹೇಳು.”

ನನ್ನ ಖಾನೆಯೊಂದು ಆ ಡಿಸ್ಕಿನಲ್ಲಿತ್ತು. ಯಾವುದೋ ಊರಿನಲ್ಲಿ ಯಾವನೋ ಅದನ್ನು ತೆರೆದು ನೋಡುವುದನ್ನು ನೆನೆಸಿಕೊಂಡೆ. ಬೀಳಗಿಯಾಕೆ ಒಂದೊಂದೇ ಅಕ್ಷರ ಹುಡುಕುತ್ತಿದ್ದದ್ದನ್ನು ನೆನೆಸಿಕೊಂಡೆ. “ಮನ್ಯಾಗ ಇರಲಿ” ಎಂದೆ. “ಅಕಿ ತಗೀಲಿ. ಅಡಗಿ, ನೀರು, ಕಂಡಿಕಿ ಎಲ್ಲಾ ನಾ ನೋಡ್ಕೋತೀನಿ. ಅಕಿ ಖುರ್ಚಿ ಬಿಟ್ಟು ಏಳೂದು ಬ್ಯಾಡ.”

ಯಜಮಾನರು ಗೊಣಗಿದರು. ಆದರೆ ಮರುದಿನ ಬಾಡಗಂಡಿಗೆ ಹೋಗಲಿಲ್ಲ. ಎರಡು ದಿನ ರಜೆ ಹಾಕಿ, ಲಾಳಿಗೆ ತುಂಬುವ ನೂಲಿನ ಕಂಡಿಕಿಗಳನ್ನು ಸುತ್ತುತ್ತ ನನ್ನ ಪಕ್ಕ ಕೂತರು. ಅದನ್ನೂ ಒಂದು ಉಪಕಾರವೆಂದು ದೇವರ ಹೆಸರಿನಲ್ಲಿ ಎಣಿಸಿಕೊಂಡೆ.

ಬನ್ನಿಯ ದಿನ ಮಧ್ಯಾಹ್ನವೇ ನೈವೇದ್ಯವಾಗಿ ಘಟ ಎತ್ತಿದ ಮೇಲೆ ಕೆಂಪು ಖಣದ ಗಂಟು ಬಿಚ್ಚಿ ಕೊಟ್ಟೆ. ಒಂಬತ್ತು ದಿನ ಮೊಳಕೆಯ ಪಕ್ಕದಲ್ಲಿದ್ದು ಹಸಿ ಮಣ್ಣಿನ ವಾಸನೆ ಹಿಡಿದಿತ್ತು. ಅವಳು ತಂತಿ ಚುಚ್ಚಿದಳು. ನಾನು ಕಣ್ಣು ಮುಚ್ಚಿದೆ. “ಬಂತರಿ” ಎಂದಳು. ನವರಾತ್ರಿಯ ಮುಂಚಿನದೆಲ್ಲ ಇತ್ತು. ಹಳೆಯ ದಡಿಗಳು, ಆಸ್ಪತ್ರೆಯ ಕಾಗದ, ಮುಳುಗಿದ ಮನೆಯ ಫೋಟೋ, ನನ್ನ ಖಾನೆ. ಇಲ್ಲದ್ದು ಆ ಒಂಬತ್ತು ದಿನದ್ದೊಂದೇ.

ಸೆರಗಿನ ಒಳಗೆ ಒಂದು ಬಳ್ಳಿ ಇತ್ತು. ಎಲೆಯೊಂದು ಬಲಕ್ಕೆ, ಮೊಗ್ಗೊಂದು ಎಡಕ್ಕೆ, ನಡುವೆ ಗಿಣಿಯಂಥದ್ದು. ಅವಳು ಕೂತು ತೆಗೆದಳು, ಅಳಿಸಿದಳು. ಅತ್ತೆ ಹೇಳಿದರು, ಅದೂ ಕೂಡಲಿಲ್ಲ. ಎರಡನೆಯ ದಿನ ಅವಳು ನನ್ನನ್ನು ಕರೆದು, “ದಿನಾ ಮಧ್ಯಾನ್ನ ಬಂದು ನೋಡತಿದ್ರೆಲ್ರಿ, ಅಕ್ಕಾರ. ಬಳ್ಳಿ ಎಲ್ಲಿ ಹೊಳ್ಳತಿತ್ತು, ನೆನಪೈತೇನ್ರಿ?” ಎಂದು ಕೇಳಿದಳು.

ನನಗೆ ನಾಚಿಕೆಯಾಯಿತು. “ನೆನಪೈತಿ ತಂಗಿ. ಅಂಗಳದಾಗ ಹಾಕೇನಲ್ಲ.”

“ಏನ ಹಾಕೀರಿ?”

“ರಂಗೋಲಿ. ನವರಾತ್ರಿ ಅಂತ, ದಿನಾ ನೀ ತಗದಷ್ಟು ಬಳ್ಳಿ ಮರುದಿನ ಬಾಗಲಾ ಮುಂದ ಹಾಕೇನಿ. ಛಲೋ ಕಂಡಿತ್ತು, ಅದಕ್ಕ.”

ಅವಳು ಕುರ್ಚಿಯಲ್ಲೇ ಹಿಂದಕ್ಕೆ ಒರಗಿ ನಕ್ಕಳು. “ನಾ ತಂತಿ ಕಡದು, ಕೀಲಿ ಹಾಕಿ, ಗೋಡಿಗೆ ಮುಖಾ ಮಾಡಿ ಕಾದದ್ದನ್ನ ನೀವು ಓಣ್ಯಾಗ ಹರವಿ ಇಟ್ಟೀರಲ್ರಿ!”

ಒಂಬತ್ತು ದಿನ ಓಣಿಯವರೆಲ್ಲ ಅದನ್ನು ದಾಟಿ ಹೋಗಿದ್ದರು. ಯಾರಿಗೂ ಅದು ಸೀರೆಯಾಗಿ ಕಂಡಿರಲಿಲ್ಲ, ಸದ್ಯ. ನಾನು ಅಡುಗೆಮನೆಯ ನೆಲದ ಮೇಲೆ ಚುಕ್ಕಿ ಇಟ್ಟು ಬಳ್ಳಿ ಎಳೆದೆ. ಅವಳು ಚುಕ್ಕಿ ಎಣಿಸಿ ಚೌಕುಳಿಗೆ ಇಳಿಸಿಕೊಂಡಳು. ನನ್ನ ಚುಕ್ಕಿ ಬರೀ ದಾರಿ ತೋರಿಸಿತು. ಎಷ್ಟು ಎಳೆ ಏಳಬೇಕು, ಎಷ್ಟು ಕೂಡಬೇಕು ಎಂಬುದೆಲ್ಲ ಅವಳದೇ. ಹನ್ನೊಂದು ದಿನ ಕಣ್ಣು ಕೆಂಪು ಮಾಡಿಕೊಂಡು ಕೂತಳು. ಗಿಣಿಯಂಥದ್ದು ಮಾತ್ರ ಮೊದಲಿನಂತೆ ಬರಲೇ ಇಲ್ಲ. ಕೊನೆಗೆ ಅಲ್ಲಿ ಒಂದು ಬನ್ನಿ ಎಲೆ ಕೂಡಿಸಿದಳು. ಮೈದುನ ಕಾರ್ಡು ಹೊಡೆದ. ಕರೆಂಟು ಆ ವಾರ ಯಾಕೋ ನಮ್ಮ ಮೇಲೆ ದಯೆ ತೋರಿತು.

ಕೆಟ್ಟ ಡಿಸ್ಕನ್ನು ಅವಳು ಹಾಗೇ ಬಿಸಾಡಲಿಲ್ಲ. ಬಿಚ್ಚಿದಳು. ಒಳಗೆ ಕನ್ನಡಿಯಂಥ ಬಿಲ್ಲೆ. ಅತ್ತೆ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಂಡರು. ಆಮೇಲೆ ನೆಗೆಣ್ಣಿ ಅದನ್ನು ಮರ ಉಜ್ಜುವ ಕಾಗದದಿಂದ ಎರಡೂ ಕಡೆ ಗೀಚಿ ಗೀಚಿ ಮಬ್ಬು ಮಾಡಿ, “ಇನ್ನ ಯಾರಿಗೂ ಏನೂ ಹೇಳೂದಿಲ್ಲ ಇದು” ಎಂದಳು. ಅದು ಇನ್ನೂ ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕುವ ಕಡೆ ದಾರಕ್ಕೆ ತೂಗುತ್ತದೆ. ಕಾಗೆಗಳು ಅಂಜುತ್ತವೆ.

ದೀಪಾವಳಿಗೆ ಎರಡು ದಿನ ಮುಂಚೆ ಸೀರೆ ಮಗ್ಗದಿಂದ ಇಳಿಯಿತು. ಸಂಜೆಯ ಮುಂದೆ ಸಾವುಕಾರರು ಬಂದರು. ನಾನು ಕರ್ಚಿಕಾಯಿ ಮಾಡುತ್ತಿದ್ದವಳು ಕೈ ಒರೆಸಿಕೊಂಡು ಚಹಾ ಒಯ್ದೆ. ಅವರು ಸೆರಗನ್ನು ಬೆಳಕಿಗೆ ಹಿಡಿದರು, ಮಗುಚಿ ಹಿಂದುಗಡೆ ನೋಡಿದರು, ಬನ್ನಿ ಎಲೆಯ ಮೇಲೆ ಬೆರಳಾಡಿಸಿದರು.

“ನಕ್ಷಿ ಹೊರಗ ಎಲ್ಲೂ ಹೋಗಿಲ್ಲ, ಹೌದಿಲ್ಲವಾ?”

ನೆಗೆಣ್ಣಿ ನನ್ನ ಕಡೆ ನೋಡಿದಳು. ಅವಳ ತುಟಿಯಂಚಿನಲ್ಲಿ ಅಂಗಳದ ರಂಗೋಲಿಯ ನಗು ಇತ್ತು. “ಡಿಸ್ಕ್ ಮನಿ ದಾಟಿಲ್ರಿ” ಎಂದಳು. ಖರೆ ಮಾತೇ.

ಅವರು ಕಿಸೆಯಿಂದ ಬೆರಳುದ್ದದ ಪೆನ್ ಡ್ರೈವ್ ತೆಗೆದರು. “ಹಂಗಾರ ಇದರಾಗ ಒಂದು ಕಾಪಿ ಹಾಕಿ ಕೊಡವಾ. ನಮ್ಮ ಮಂದಿಗೆ ತೋರಿಸ್ತೇನಿ.”

ಇಷ್ಟು ವರ್ಷ ಅನ್ನ ಕೊಟ್ಟವರು ಕೇಳಿದ್ದಾರೆ. ನೆಗೆಣ್ಣಿ ಸೆರಗು ಮಡಚುತ್ತ, “ಸೀರಿ ಒಯ್ರಿ, ಸಾವುಕಾರ್ರ. ಸೀರಿ ತೋರಿಸ್ರಿ. ನಕ್ಷಿ ಇಲ್ಲೇ ಇರಲಿ. ನಾಳೆ ಎಲ್ಲೆರ ಸೋರಿದ್ರ ನೀವು ನಮ್ಮನ್ನ ಕೇಳಬೇಕು, ನಾವು ನಿಮ್ಮನ್ನ ಕೇಳೂ ಹಂಗ ಆಗಬಾರ್ದು” ಎಂದಳು.

ಸಾವುಕಾರರು ಅವಳನ್ನೇ ನೋಡಿದರು. ಪೆನ್ ಡ್ರೈವ್ ಕಿಸೆಗೆ ಹಾಕಿಕೊಂಡರು. “ಮುಂದಿನ ಮದುವಿ ಸೀಜನ್ನಿಗೂ ನಿಮ್ಮ ನಕ್ಷೀನ ಇರಲಿ. ಅವ್ವಾರಿಗೆ ಹೇಳ್ರಿ” ಎಂದು ಚಹಾ ಕುಡಿದು ಎದ್ದರು. ಅತ್ತೆ ಒಳಗಿನ ಕೋಣೆಯಲ್ಲೇ ಇದ್ದರು, ಕೇಳಿಸಿತ್ತು. ಕೆಮ್ಮಿದರು.

ಅವರು ಹೋದ ಮೇಲೆ ನೆಗೆಣ್ಣಿ ನನ್ನನ್ನು ನೂಲಿನ ಕೋಣೆಗೆ ಕರೆದೊಯ್ದಳು. ಹೊಸ ಚೀಟಿ ಗೋಡೆಯ ಬಟನ್ನಿಗಿಂತ ಗೇಣು ಮೇಲೆ ಇತ್ತು, ಕುಂಕುಮ ತಾಗದ ಕಡೆ. ಮೂರನೆಯ ಡಿಸ್ಕನ್ನು ನನ್ನ ಕೈಗೆ ಕೊಟ್ಟಳು.

“ಇನ್ನ ಇದು ನಿಮ್ಮ ಕೆಲಸಾರಿ, ಅಕ್ಕಾರ. ಸೋಮವಾರ ಪೂಜಿ ಆದ ಮ್ಯಾಲ. ಘಟ್ಟ ಕೂಡೂ ಹಿಂದಿನ ದಿನಾ ಒಮ್ಮೆ ಇಳಸ್ರಿ, ಆ ಒಂಬತ್ತು ದಿನಕ್ಕ ಇನ್ನೊಂದು ಡಿಸ್ಕ್ ಬೀರಿನ್ಯಾಗ ಕೀಲಿ ಹಾಕಿ ಇಡೂನು.”

“ನಂಗ್ಯಾಕ? ನಾ ಆರಿಸಿದಾಕಿ.”

“ಅದಕ್ಕರಿ. ನಿಮ್ಮಷ್ಟು ಹುಷಾರಿಂದ ಇನ್ಯಾರು ಮಾಡತಾರ?”

ಅವಳು ತೋರಿಸಿದ ಕಡೆ ಚುಚ್ಚಿದೆ. ಸಣ್ಣ ಹಸಿರು ದೀಪ ಮಿಣುಕಿತು. ಅದು ಮಿಣುಕುವುದು ನಿಲ್ಲುವವರೆಗೆ ಕೈಕಟ್ಟಿ ನಿಂತೆ, ಆರತಿಯ ಮುಂದೆ ನಿಂತಂತೆ. ನಿಂತಿತು. ತೆಗೆದು ಕೆಂಪು ಖಣದಲ್ಲಿ ಸುತ್ತಿ, ಕೈಕಾಲು ತೊಳೆದು ಬನಶಂಕರಿಯ ಎಡಗಡೆ ಇಟ್ಟೆ. ಅಡುಗೆಮನೆಯಲ್ಲಿ ಒದ್ದೆ ಬಟ್ಟೆ ಮುಚ್ಚಿಟ್ಟ ಕಣಕ ಒಣಗತೊಡಗಿತ್ತು. ಕೈಗೆ ತುಸು ಎಣ್ಣೆ ಹಚ್ಚಿಕೊಂಡು ನಾದಿ, ಉಳಿದ ಕರ್ಚಿಕಾಯಿ ತುಂಬಲು ಕೂತೆ.